ದ್ರಾಕ್ಷಿಗೊಂದು ಊರಿನ ಹೆಸರು

ಗೋಕಾಕದಿಂದ ಬರುವ ನೆಂಟರ ಚೀಲದಲ್ಲಿ ಕರದಂಟಿನ ಪೊಟ್ಟಣವಿಲ್ಲದಿದ್ದರೆ ಮನೆಯ ಹುಡುಗರ ಪಾಲಿಗೆ ಆ ನೆಂಟರು ಬಂದಂತೆಯೇ ಅಲ್ಲ. ಬೆಳಗಾವಿಗೆ ಕುಂದಾ, ಧಾರವಾಡಕ್ಕೆ ಫೇಡೆ, ಗೋಕಾಕಕ್ಕೆ ಕರದಂಟು. ಊರು ತಿನಿಸಿಗೆ ಹೆಸರು ಕೊಟ್ಟಿತೋ, ತಿನಿಸೇ ಊರಿಗೆ ಹೆಸರು ತಂದಿತೋ ಎಂದು ಹೇಳಲಾರದಷ್ಟು ಅವೆರಡೂ ಬೆರೆತುಹೋಗಿವೆ. ಆದರೆ ಅದೇ ಕರದಂಟಿನ ತುಂಡೊಂದನ್ನು ಬಿಡಿಸಿ ನೋಡಿದರೆ ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿಗಳ ನಡುವೆ ಒಣದ್ರಾಕ್ಷಿಯೂ ಕಣ್ಣಿಗೆ ಬೀಳುವುದುಂಟು. ಉತ್ತರ ಕರ್ನಾಟಕದವರು ಮಣೂಕ ಎನ್ನುವುದು ಇದನ್ನೇ. ಇದು ಯಾವ ಊರಿನದು ಎಂದು ಅಂಗಡಿಕಾರನನ್ನು ಕೇಳಿದರೆ ಬಹುಮಟ್ಟಿಗೆ ಬರುವ ಉತ್ತರ ಒಂದೇ: "ಸಾಂಗ್ಲಿ ಮಾಲು." ಆ ಮಾಲು ಸಾಂಗ್ಲಿಯ ಕಡೆಯಿಂದ ಬಂದಿರುವುದು ನಿಜವೇ ಇದ್ದೀತು. ಆದರೆ ಬೆಳೆದದ್ದು ಅಥಣಿ ತಾಲ್ಲೂಕಿನ ತೆಲಸಂಗದಲ್ಲೋ, ವಿಜಯಪುರ ಜಿಲ್ಲೆಯ ತಿಕೋಟೆಯಲ್ಲೋ ಆಗಿರುವ ಸಂಭವವೂ ಕಡಮೆಯಲ್ಲ.

ಹಣ್ಣು ಹಣ್ಣೇ ಅಲ್ಲವೇ, ಅದಕ್ಕೆ ಊರಿನ ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಭೂಮಂಡಲದ ಮತ್ತೊಂದು ಮೂಲೆಯ ದ್ರಾಕ್ಷಿ ಬೆಳೆಗಾರರು ಬಹಳ ಹಿಂದೆಯೇ ಉತ್ತರ ಹುಡುಕಿದರು. ಆ ಉತ್ತರ ಅವರಿಗೆ ಅಗ್ಗವಾಗಿ ಸಿಕ್ಕಲಿಲ್ಲ; ಅದಕ್ಕಾಗಿ ಅವರು ಬೀದಿಗಿಳಿಯಬೇಕಾಯಿತು, ಗುಂಡೇಟನ್ನೂ ತಿನ್ನಬೇಕಾಯಿತು. ದಕ್ಷಿಣ ಫ್ರಾನ್ಸಿನ ಲಾಂಗ್ವೆಡಾಕ್ ಪ್ರಾಂತದ ಆ ಕಥೆಯನ್ನು ಕೇಳಿದ ಮೇಲೆ ನಮ್ಮ ಮಣೂಕದ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕ್ಲೇರೆಟ್ ಎಂಬ ಬಿಳಿಹಣ್ಣು

ಫ್ರಾನ್ಸಿನ ಭೂಪಟದ ಕೆಳಗಡೆ, ರೋನ್ ನದಿಯ ಮುಖದಿಂದ ಪಿರನೀಸ್ ಪರ್ವತಗಳ ಕಡೆಗೆ ಮೆಡಿಟರೇನಿಯನ್ ಸಮುದ್ರದ ದಂಡೆ ಬಿಲ್ಲಿನಂತೆ ಬಾಗಿಕೊಂಡು ಹೋಗುತ್ತದೆ. ಆ ಬಿಲ್ಲಿನ ಒಳಭಾಗವೇ ಲಾಂಗ್ವೆಡಾಕ್. ಸಮುದ್ರದ ಅಂಚಿನಲ್ಲಿ ಉಪ್ಪುನೀರಿನ ಹಿನ್ನೀರುಗಳು, ಅವುಗಳ ಹಿಂದೆ ಮಟ್ಟಸವಾದ ಬಯಲು, ಬಯಲಿನ ಹಿಂದೆ ಸುಣ್ಣಕಲ್ಲಿನ ಒಣಗುಡ್ಡಗಳು. ಗುಡ್ಡಗಳ ಮೇಲೆ ಮೊಣಕಾಲೆತ್ತರದ ಮುಳ್ಳುಪೊದೆಗಳೂ ಪರಿಮಳದ ಕುರುಚಲು ಗಿಡಗಳೂ ಬೆಳೆಯುತ್ತವೆ. ಬೇಸಗೆಯಲ್ಲಿ ಅಲ್ಲಿ ಮಳೆಯೆಂಬುದೇ ಅಪರೂಪ. ಜುಲೈ ತಿಂಗಳಿಡೀ ಸೇರಿಸಿದರೂ ಸರಾಸರಿ ಒಂದಂಗುಲ ತುಂಬುವುದಿಲ್ಲ. ಉತ್ತರದಿಂದ ಬೀಸುವ ಒಣಗಾಳಿ ಮನೆಯ ಕದಗಳನ್ನು ಬಡಿದಾಡಿಸುತ್ತದೆ. ಮನುಷ್ಯರಿಗೆ ಬೇಸರ ತರಿಸುವ ಈ ಗಾಳಿಯೇ ದ್ರಾಕ್ಷಿಗೆ ವೈದ್ಯ. ಎಲೆಗಳ ಮೇಲೆ ತೇವ ನಿಲ್ಲದಂತೆ ನೋಡಿಕೊಂಡು ಬೂಜು ಹಿಡಿಯಗೊಡದೆ ಕಾಯುವುದು ಅದೇ.

ಈ ಸೀಮೆಯ ಹಳೆಯ ತಳಿಗಳಲ್ಲಿ ಒಂದು ಕ್ಲೇರೆಟ್. ತಿಳಿ, ಬೆಳಕು ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದ ಹೆಸರು ಇದು. ಮೊಟ್ಟೆಯಾಕಾರದ ಬಿಳಿಹಣ್ಣು, ದಪ್ಪನೆಯ ಎಲೆ, ಎಲೆಯ ಹಿಂಬದಿಯಲ್ಲಿ ಬೂದಿ ಎರಚಿದಂತೆ ಬೆಳ್ಳಗಿನ ನವಿರು. ಬಡಮಣ್ಣಿನಲ್ಲಿ, ನೀರಿಲ್ಲದ ಕಡೆ ಬದುಕುವ ಛಲ ಇದಕ್ಕುಂಟು. ಹಣ್ಣಾಗುವುದು ತಡ, ಬೇರೆ ಬಳ್ಳಿಗಳ ಕೊಯ್ಲು ಮುಗಿದ ಮೇಲೂ ಇದು ಬಿಸಿಲು ಕಾಯಿಸಿಕೊಳ್ಳುತ್ತ ನಿಂತಿರುತ್ತದೆ. ಅಷ್ಟು ಬಿಸಿಲುಂಡ ಹಣ್ಣಿನಲ್ಲಿ ಸಕ್ಕರೆ ತುಂಬಿರುವುದು ಸಹಜ, ಹುಳಿ ಕುಗ್ಗಿರುವುದೂ ಸಹಜ. ಆದ್ದರಿಂದಲೇ ಇದರಿಂದ ತೆಗೆದ ಬಿಳಿ ದ್ರಾಕ್ಷಾರಸ, ಈಗಿನವರು ವೈನ್ ಎನ್ನುವುದು, ತೆಳ್ಳಗಿರದೆ ಮೈತುಂಬಿದ, ಕೊಬ್ಬಿದ ರಸವೆಂದು ಹೆಸರಾಗಿದೆ. ಬಡೇಸೋಪನ್ನು ನೆನಪಿಗೆ ತರುವ ವಾಸನೆ, ಜೇನಿನ ಛಾಯೆ, ಕೊನೆಯಲ್ಲಿ ನಾಲಗೆಗೆ ತುಸು ಕಹಿ: ಬಲ್ಲವರು ಅದನ್ನು ಹೀಗೆ ವರ್ಣಿಸುತ್ತಾರೆ.

ಈ ರಸಕ್ಕೆ ಒಂದು ದೌರ್ಬಲ್ಯವೂ ಉಂಟು. ಗಾಳಿ ತಗುಲಿದರೆ ಬೇಗ ಬಣ್ಣ ತಿರುಗುತ್ತದೆ. ಆದರೆ ಜಾಣರು ದೋಷವನ್ನೇ ಗುಣವಾಗಿ ಮಾಡಿಕೊಂಡರು. ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟು ಬೇಕೆಂದೇ ಹಳತು ಮಾಡಿ, ಆಕ್ರೋಡಿನ ರುಚಿ ಬಂದ ಮೇಲೆ ಮಾರುವ ಪದ್ಧತಿ ಅಲ್ಲಿ ಬೆಳೆಯಿತು. ಅಲ್ಲಿಗೆ ಹತ್ತಿರದ ಮಾರ್ಸೆಯಾನ್ ಎಂಬ ಬಂದರಿನಲ್ಲಂತೂ ಕ್ಲೇರೆಟ್ ಮತ್ತು ಪಿಕ್‌ಪೂಲ್ ಎಂಬ ಹಣ್ಣುಗಳ ರಸವನ್ನು ಓಕ್ ಮರದ ಪೀಪಾಯಿಗಳಲ್ಲಿ ತುಂಬಿ ಒಂದು ವರ್ಷ ಬಯಲಿನಲ್ಲಿ, ಬಿಸಿಲಿಗೂ ಮಳೆಗೂ ಒಡ್ಡಿ ಇಡುತ್ತಾರೆ. ಆಮೇಲೆ ಗಿಡಮೂಲಿಕೆಗಳನ್ನು ಸೇರಿಸಿ ಅದನ್ನು ವರ್ಮೂತ್ ಮಾಡುತ್ತಾರೆ. ದ್ರಾಕ್ಷಾರಿಷ್ಟವನ್ನು ಬಲ್ಲ ನಮ್ಮ ಮನೆಗಳಿಗೆ ಇದು ತೀರ ಅಪರಿಚಿತ ವಿದ್ಯೆಯೇನೂ ಅಲ್ಲ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ ಬಾಯಿ ಕಟ್ಟಿಟ್ಟ ಭರಣಿಯಲ್ಲಿ ನಡೆಯುವುದೂ ಹುದುಗುವಿಕೆಯೇ. ಮದ್ದೆಂದು ಎರಡು ಚಮಚ ಕುಡಿದು ಮುಖ ಸಿಂಡರಿಸುವ ಅಜ್ಜಿಗೆ ಈ ನೆಂಟಸ್ತಿಕೆಯನ್ನು ಹೇಳದಿರುವುದೇ ಒಳ್ಳೆಯದು.

ಎರೋ ಜಿಲ್ಲೆಯ ಅದಿಸ್ಸಾನ್, ಅಸ್ಪಿರಾನ್, ಕಾಬ್ರಿಯೆರ್, ಪೋಲಾನ್ ಮೊದಲಾದ ಹತ್ತು ಹನ್ನೊಂದು ಹಳ್ಳಿಗಳು ಈ ಬಿಳಿರಸದ ತವರು. ಈ ಹಳ್ಳಿಗಳವರಲ್ಲದೆ ಬೇರೆಯವರು ತಮ್ಮ ಸೀಸೆಯ ಮೇಲೆ 'ಲಾಂಗ್ವೆಡಾಕಿನ ಕ್ಲೇರೆಟ್' ಎಂದು ಬರೆಯುವಂತಿಲ್ಲ. ಬರೆದರೆ ಅದು ಅಪರಾಧ. ಈ ಹಕ್ಕು ಅವರಿಗೆ ದೊರೆತದ್ದು ೧೯೪೮ರಲ್ಲಿ. ಅದಕ್ಕೆ ಮೊದಲಿನ ಎಂಬತ್ತು ವರ್ಷಗಳ ಕಥೆಯೇ ನಿಜವಾದ ಕಥೆ.

ಹೇನು ತಂದ ಹಾಹಾಕಾರ

೧೮೬೩ರ ಸುಮಾರಿಗೆ ರೋನ್ ನದಿಯ ಬಳಿಯ ತೋಟಗಳಲ್ಲಿ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. ಎಲೆ ಹಳದಿಯಾಗುವುದು, ಮರುವರ್ಷ ಹಣ್ಣು ಕುಗ್ಗುವುದು, ಅದರ ಮರುವರ್ಷ ಬಳ್ಳಿಯೇ ಕಟ್ಟಿಗೆಯಾಗುವುದು. ಸತ್ತ ಬಳ್ಳಿಯನ್ನು ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಕಾಣದು. ೧೮೬೮ರಲ್ಲಿ ಮಾಂಪೆಲಿಯೆ ನಗರದ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಮತ್ತು ಆತನ ಸಂಗಡಿಗರು ಸತ್ತ ಬಳ್ಳಿಯನ್ನು ಬಿಟ್ಟು, ಸಾಯಲಿರುವ ಬಳ್ಳಿಯನ್ನು ಕಿತ್ತು ನೋಡಿದರು. ಬೇರಿನ ತುಂಬ ಹಳದಿ ಬಣ್ಣದ ಸಣ್ಣ ಹೇನುಗಳು! ಬಳ್ಳಿ ಸತ್ತೊಡನೆ ಅವು ಪಕ್ಕದ ಬಳ್ಳಿಗೆ ವಲಸೆ ಹೋಗುತ್ತಿದ್ದುದರಿಂದ ಅದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫಿಲಾಕ್ಸೆರಾ ಎಂಬ ಆ ಹೇನು ಅಮೆರಿಕದಿಂದ ತರಿಸಿದ ಗಿಡಗಳ ಜೊತೆ ಹಡಗೇರಿ ಬಂದಿತ್ತು.

ಫ್ರಾನ್ಸಿನಲ್ಲಿ ೧೮೭೫ರಲ್ಲಿ ತಯಾರಾದ ದ್ರಾಕ್ಷಾರಸ ಎಂಟು ಕೋಟಿ ಹೆಕ್ಟೋಲೀಟರಿಗೂ ಹೆಚ್ಚು. ಒಂದು ಹೆಕ್ಟೋಲೀಟರ್ ಎಂದರೆ ನೂರು ಲೀಟರ್. ೧೮೮೯ರ ವೇಳೆಗೆ ಅದು ಎರಡೂವರೆ ಕೋಟಿಗಿಂತ ಕೆಳಗಿಳಿಯಿತು. ಪರಿಹಾರವೂ ಹೇನು ಬಂದ ದಿಕ್ಕಿನಿಂದಲೇ ಬಂದಿತು. ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಈ ಹೇನು ಅಂಜಿಕೆಯಲ್ಲ. ಆ ಬೇರಿನ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರೆ ಬೇರು ಅಮೆರಿಕದ್ದು, ಹಣ್ಣು ಫ್ರಾನ್ಸಿನದು. ಇಂದು ಆ ದೇಶದ ಬಹುತೇಕ ತೋಟಗಳು ನಿಂತಿರುವುದು ಇಂಥ ಸಾಲದ ಬೇರುಗಳ ಮೇಲೆಯೇ.

ಆದರೆ ತೋಟಗಳು ಹೊಸದಾಗಿ ಫಲ ಬಿಡುವವರೆಗೆ ಕುಡಿಯುವವರು ಸುಮ್ಮನಿರುತ್ತಾರೆಯೇ? ವ್ಯಾಪಾರಿಗಳು ಒಂದು ಉಪಾಯ ಕಂಡುಹಿಡಿದರು. ಗ್ರೀಸ್ ದೇಶದಿಂದ ಒಣದ್ರಾಕ್ಷಿಯನ್ನು ಹಡಗುಗಟ್ಟಲೆ ತರಿಸಿ, ನೀರಿನಲ್ಲಿ ನೆನೆಹಾಕಿ, ಸಕ್ಕರೆ ಬೆರೆಸಿ ಹುದುಗಿಸಿ ದ್ರಾಕ್ಷಾರಸವೆಂದೇ ಮಾರಿದರು. ಗ್ರೀಸಿನ ರೈತರಿಗೆ ಅದೊಂದು ಸುಗ್ಗಿ. ಇರುವ ಹೊಲವನ್ನೆಲ್ಲ ಅವರು ದ್ರಾಕ್ಷಿಗೆ ಹಾಕಿದರು. ಇತ್ತ ಫ್ರೆಂಚ್ ತೋಟಗಳು ಚೇತರಿಸಿಕೊಂಡವು. ೧೮೯೨ರಲ್ಲಿ ಫ್ರಾನ್ಸ್ ಹೊರಗಿನ ಮಾಲಿಗೆ ಭಾರಿ ಸುಂಕ ಹೇರಿತು. ಗ್ರೀಸಿನ ಒಣದ್ರಾಕ್ಷಿಯ ಬೆಲೆ ನೆಲಕಚ್ಚಿತು. ಮರುವರ್ಷವೇ ಗ್ರೀಸ್ ಸರಕಾರ ದಿವಾಳಿಯೆಂದು ಸಾರಿತು. ರೈತರ ಮಕ್ಕಳು ಅಮೆರಿಕದ ಹಡಗು ಹತ್ತಿದರು. ಇನ್ನೊಬ್ಬರ ಸೀಸೆಯೊಳಗೆ ಹೆಸರಿಲ್ಲದೆ ಕರಗಿಹೋಗುವ ಮಾಲನ್ನು ಬೆಳೆದವನ ಗತಿ ಇಷ್ಟೇ. ಕೊಳ್ಳುವವನಿಗೆ ಬೇಡವಾದ ದಿನ ಅದನ್ನು ಕೇಳುವವರೇ ಇಲ್ಲ.

ಫ್ರಾನ್ಸಿನ ರೈತನಾದರೂ ಸುಖಪಟ್ಟನೇ? ಅದೂ ಇಲ್ಲ. ಸುಳ್ಳುರಸ ಮಾಡುವ ವಿದ್ಯೆ ಒಮ್ಮೆ ಕೈಗೆ ಹತ್ತಿದ ಮೇಲೆ ಬಿಡುವುದುಂಟೇ? ಸಕ್ಕರೆ ನೀರಿನ ರಸ ಒಂದು ಕಡೆ, ಆಲ್ಜೀರಿಯದಿಂದ ಬರುವ ಅಗ್ಗದ ರಸ ಮತ್ತೊಂದು ಕಡೆ. ಲಾಂಗ್ವೆಡಾಕಿನವರೂ ತಪ್ಪು ಮಾಡಿದ್ದರು ಎನ್ನದೆ ವಿಧಿಯಿಲ್ಲ. ಕಸಿ ಗಿಡ ಸಿಕ್ಕ ಹುರುಪಿನಲ್ಲಿ ಗುಡ್ಡದ ಮೇಲಿನ ಒಳ್ಳೆಯ ಹಣ್ಣನ್ನು ಮರೆತು, ಬಯಲಿನಲ್ಲಿ ಆರಾಮೋನ್ ಎಂಬ ನೀರುಹಣ್ಣನ್ನು ಮೈಲುಗಟ್ಟಲೆ ನೆಟ್ಟರು. ರಾಶಿ ಹೆಚ್ಚಿತು, ರುಚಿ ಹೋಯಿತು, ಬೆಲೆಯೂ ಹೋಯಿತು. ೧೯೦೭ರ ವೇಳೆಗೆ ಪೀಪಾಯಿಯಲ್ಲಿದ್ದ ರಸವನ್ನು ಮಾರಲಾರದೆ ಜನ ಸಾಲದಲ್ಲಿ ಮುಳುಗಿದ್ದರು.

ಆ ವರ್ಷದ ಮಾರ್ಚ್ ೧೧ರಂದು ಅರ್ಜೆಲಿಯೆ ಎಂಬ ಹಳ್ಳಿಯ ೮೭ ಮಂದಿ ಬೆಳೆಗಾರರು ನಾರ್ಬನ್ ಪಟ್ಟಣಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ಮುಂದಾಳು ಮಾರ್ಸೆಲಿನ್ ಆಲ್ಬರ್, ಸಣ್ಣ ಕಾಫಿ ಅಂಗಡಿ ನಡೆಸುತ್ತಿದ್ದ ಬೆಳೆಗಾರ. ವಾರ ವಾರಕ್ಕೂ ಊರಿಂದೂರಿಗೆ ಸಭೆಗಳು ಬೆಳೆದವು. ಜೂನ್ ೯ರಂದು ಮಾಂಪೆಲಿಯೆಯಲ್ಲಿ ಸೇರಿದ ಜನ ಐದು ಲಕ್ಷಕ್ಕೂ ಹೆಚ್ಚು. ಅಂದಿನ ದಿನಕ್ಕೆ ಅದು ಊಹಿಸಲಾಗದ ಸಂಖ್ಯೆ. ಪ್ರಧಾನಿ ಕ್ಲೆಮಾಂಸೋ ಸೈನ್ಯವನ್ನು ಕಳುಹಿಸಿದ. ನಾರ್ಬನ್ನಿನ ನಗರಾಧ್ಯಕ್ಷ ಫೆರೂಲ್‌ನನ್ನು ಬಂಧಿಸಿದರು. ಜೂನ್ ೧೯ ಮತ್ತು ೨೦ರಂದು ಆ ಪಟ್ಟಣದ ಬೀದಿಗಳಲ್ಲಿ ಗುಂಡು ಹಾರಿತು; ಆರು ಮಂದಿ ಸತ್ತರು. ಸುದ್ದಿ ಕೇಳಿದ ೧೭ನೆಯ ಪದಾತಿದಳದ ಸಿಪಾಯಿಗಳು, ಅದೇ ಸೀಮೆಯ ರೈತರ ಮಕ್ಕಳು, ಬಂಡೆದ್ದು ಬೆಜಿಯೆ ಪಟ್ಟಣಕ್ಕೆ ನಡೆದುಬಂದರು.

ಆಲ್ಬರ್ ಗುಟ್ಟಾಗಿ ಪ್ಯಾರಿಸ್ಸಿಗೆ ಹೋಗಿ ಪ್ರಧಾನಿಯನ್ನು ಕಂಡ. ಕ್ಲೆಮಾಂಸೋ ಆತನೊಡನೆ ಸಮಾಧಾನದಿಂದ ಮಾತಾಡಿ, ಊರಿಗೆ ಮರಳುವ ರೈಲು ಖರ್ಚಿಗೆಂದು ನೂರು ಫ್ರಾಂಕು ಕೈಗಿಟ್ಟ. ಆಮೇಲೆ ಆ ಮಾತನ್ನು ಪತ್ರಿಕೆಯವರಿಗೂ ತಿಳಿಸಿದ. ಹಣ ತೆಗೆದುಕೊಂಡವನೆಂದು ಜನ ಆಲ್ಬರನ ಕೈಬಿಟ್ಟರು. ಪಾಪ, ಐದು ಲಕ್ಷ ಜನರನ್ನು ಕೂಡಿಸಿದವನು ನೂರು ಫ್ರಾಂಕಿಗೆ ಮುಳುಗಿಹೋದ. ಆದರೆ ಕೆಲಸ ಕೆಡಲಿಲ್ಲ. ಜೂನ್ ೨೯ರಂದೇ ಕಾಯಿದೆಯೊಂದು ಬಂದಿತು. ಪ್ರತಿಯೊಬ್ಬ ಬೆಳೆಗಾರನೂ ತನ್ನ ತೋಟದ ವಿಸ್ತೀರ್ಣವನ್ನೂ ಆ ವರ್ಷದ ರಸದ ಪ್ರಮಾಣವನ್ನೂ ಬಹಿರಂಗವಾಗಿ ಘೋಷಿಸಬೇಕು. ತೋಟವಿಲ್ಲದವನ ಮನೆಯಿಂದ ದ್ರಾಕ್ಷಾರಸ ಹೊರಡುವುದು ಇನ್ನು ಸುಲಭವಲ್ಲ!

ಅಲ್ಲಿಂದ ಮುಂದಿನ ಹೆಜ್ಜೆ ೧೯೩೫ರದು. ಇಂಥ ಊರಿನ ಹೆಸರು ಬೇಕಾದರೆ ಇಂಥ ಎಲ್ಲೆಯೊಳಗೆ ಬೆಳೆದಿರಬೇಕು, ಇಂಥದೇ ತಳಿಯಾಗಿರಬೇಕು, ಎಕರೆಗೆ ಇಷ್ಟನ್ನು ಮೀರಿ ತೆಗೆಯಕೂಡದು ಎಂಬ ಕಟ್ಟುಪಾಡು ಅಂದು ದೇಶದ ಕಾನೂನಾಯಿತು. ಕಟ್ಟುಪಾಡು ಸರಕಾರದ್ದಾದರೂ ಅದರ ಒಳಗಿನ ವಿವರಗಳನ್ನು ಒಪ್ಪಿದವರು ಆಯಾ ಊರಿನ ಬೆಳೆಗಾರರೇ. ಕಡಮೆ ಬೆಳೆಯುತ್ತೇವೆಂದು ರೈತನೇ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಅದೇ ಕಾನೂನಿನ ಆಸರೆಯಲ್ಲಿ, ೧೯೪೮ರಲ್ಲಿ, ಕ್ಲೇರೆಟ್ ಬೆಳೆಯುವ ಆ ಕೆಲವು ಹಳ್ಳಿಗಳಿಗೂ ತಮ್ಮ ಹೆಸರು ಕೈಸೇರಿತು.

ದಡ್ಡಿಯಿಂದ ಮೂಡಲಿಗೆ

ಇನ್ನು ನಮ್ಮ ಕಡೆಗೆ ತಿರುಗೋಣ. ಹುಕ್ಕೇರಿ ತಾಲ್ಲೂಕಿನ ದಡ್ಡಿಯ ಬಳಿ ಘಟಪ್ರಭೆ ಇನ್ನೂ ಸಹ್ಯಾದ್ರಿಯ ಮಗಳು. ಪಶ್ಚಿಮದ ಗುಡ್ಡಗಳಲ್ಲಿ ಸುರಿದ ಮುಂಗಾರನ್ನೆಲ್ಲ ಹೊತ್ತು ಅವಳು ಇಲ್ಲಿ ಕೆಂಪಾಗಿ ಹರಿಯುತ್ತಾಳೆ. ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಗೋಕಾಕದಲ್ಲಿ ಬಂಡೆಯಿಂದ ಧುಮುಕಿ ಮೂಡಲಿಗೆ ಸಾಗುತ್ತಾಳೆ. ಕಾಲುವೆಯ ನೀರು ಮುಟ್ಟುವ ಕಡೆಯೆಲ್ಲ ಕಬ್ಬು. ಈ ಹಸುರಿನಲ್ಲಿ ದ್ರಾಕ್ಷಿಗೆ ಜಾಗವಿಲ್ಲ. ದ್ರಾಕ್ಷಿಗೂ ಇಲ್ಲಿ ಮನಸ್ಸಿಲ್ಲ. ಕಾಲಡಿಯ ತೇವವನ್ನೂ ತಲೆಯ ಮೇಲಿನ ಮೋಡವನ್ನೂ ಅದು ಸಹಿಸದು. ದಡ್ಡಿಯಿಂದ ಈಶಾನ್ಯಕ್ಕೆ ಸುಮಾರು ನೂರು ಕಿಲೋಮೀಟರ್ ನಡೆದರೆ ಅಥಣಿ. ಅಷ್ಟರಲ್ಲಿ ಸಹ್ಯಾದ್ರಿಯ ಮೋಡಗಳು ಕೈಚೆಲ್ಲಿರುತ್ತವೆ, ನೆಲ ಬರಡಾಗಿರುತ್ತದೆ. ಕಬ್ಬಿನವನು ಅಯ್ಯೋ ಎನ್ನುವ ಈ ಒಣನೆಲದಲ್ಲಿಯೇ ದ್ರಾಕ್ಷಿಯ ಚಪ್ಪರಗಳು ಕಾಣಿಸಿಕೊಳ್ಳುತ್ತವೆ. ಅಥಣಿಯಿಂದ ತಿಕೋಟೆ, ಬಬಲೇಶ್ವರ, ಇಂಡಿಯವರೆಗೆ ಇದೇ ಸೀಮೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ವಿಜಯಪುರದಲ್ಲಿಯೂ ಮಾಂಪೆಲಿಯೆಯಲ್ಲಿಯೂ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಮೆ ಒಂದೇ, ಆರುನೂರು ಮಿಲಿಮೀಟರಿನ ಆಸುಪಾಸು. ಆದರೆ ಅಲ್ಲಿ ಮಳೆ ಶರತ್ಕಾಲಕ್ಕೂ ಚಳಿಗಾಲಕ್ಕೂ, ಇಲ್ಲಿ ಜೂನಿನಿಂದ ಅಕ್ಟೋಬರಿನವರೆಗೆ. ಅಲ್ಲಿ ಚಳಿಗಾಲದಲ್ಲಿ ಎಲೆಯುದುರಿಸಿ ಬಳ್ಳಿ ನಿದ್ರೆ ಮಾಡುತ್ತದೆ. ವಸಂತದಲ್ಲಿ ಎದ್ದು, ಒಣಬೇಸಗೆಯಲ್ಲಿ ಹಣ್ಣು ತುಂಬಿಕೊಳ್ಳುತ್ತದೆ. ಇಲ್ಲಿ ನಿದ್ರೆಗೆ ತಕ್ಕ ಚಳಿಯಿಲ್ಲ. ನಿದ್ರೆಯಿಲ್ಲದ ಬಳ್ಳಿ ಸುಮ್ಮನೆ ಚಿಗುರುತ್ತಲೇ ಹೋಗುತ್ತದೆ, ಹಣ್ಣು ಬಿಡುವುದನ್ನು ಮರೆಯುತ್ತದೆ.

ಆದ್ದರಿಂದ ಪ್ರಕೃತಿ ಮಾಡದ ಕೆಲಸವನ್ನು ಇಲ್ಲಿ ಕತ್ತರಿ ಮಾಡುತ್ತದೆ. ರೈತರು ಇದನ್ನು ಚಾಟ್ನಿ ಎನ್ನುತ್ತಾರೆ. ವರ್ಷಕ್ಕೆ ಎರಡು ಚಾಟ್ನಿ. ಕೊಯ್ಲು ಮುಗಿದ ಮೇಲೆ ಏಪ್ರಿಲ್ಲಿನಲ್ಲಿ ಮೊದಲನೆಯದು. ಬಳ್ಳಿಯ ಕೈಕಾಲುಗಳನ್ನೆಲ್ಲ ಕಡಿದು ಮೋಟು ಮಾಡಿಬಿಡುತ್ತಾರೆ. ಉರಿಬಿಸಿಲಿನಲ್ಲಿ ಹೊಸ ಕಡ್ಡಿಗಳು ಹೊರಟು, ಆ ಕಡ್ಡಿಗಳ ಮೊಗ್ಗಿನೊಳಗೆ ಮುಂದಿನ ವರ್ಷದ ಗೊಂಚಲು ಕಣ್ಣಿಗೆ ಕಾಣದಂತೆ ರೂಪುಗೊಳ್ಳುತ್ತದೆ. ಮಳೆಗಾಲ ಹಿಂದೆ ಸರಿಯುವಾಗ, ಅಕ್ಟೋಬರಿನಲ್ಲಿ, ಎರಡನೆಯ ಚಾಟ್ನಿ. ಮೊಗ್ಗುಗಳೆಲ್ಲ ಒಟ್ಟಿಗೆ ಒಡೆಯಲೆಂದು ಒಂದೊಂದು ಕಡ್ಡಿಗೂ ಕೈಯಿಂದ ಔಷಧ ಸವರುತ್ತಾರೆ. ಅಲ್ಲಿಂದ ನಾಲ್ಕು ನಾಲ್ಕೂವರೆ ತಿಂಗಳಿಗೆ, ಫೆಬ್ರವರಿ ಮಾರ್ಚಿನ ಒಣಹವೆಯಲ್ಲಿ, ಹಣ್ಣು. ಮೆಡಿಟರೇನಿಯನ್ ಬೇಸಗೆಯನ್ನು ಕೃಷ್ಣಾ ತೀರದ ರೈತ ತನ್ನ ಚಳಿಗಾಲದಲ್ಲಿ ಹುಡುಕಿಕೊಂಡಿದ್ದಾನೆ ಎಂದರೆ ಅತಿಶಯವಾಗದು.

ಬೇರಿನ ವಿಷಯದಲ್ಲಿಯೂ ಎರಡು ಸೀಮೆಗಳಿಗೆ ನಂಟುಂಟು. ವಿಜಯಪುರದ ಕಡೆ ಅನೇಕ ತೋಟಗಳಲ್ಲಿ ನೆಲದ ಕೆಳಗಿರುವುದು ಡಾಗ್‌ರಿಡ್ಜ್ ಎಂಬ ಬೇರುಗಿಡ, ಅಮೆರಿಕದ ಟೆಕ್ಸಸ್ ಪ್ರಾಂತದ ಕಾಡುದ್ರಾಕ್ಷಿ. ಫ್ರೆಂಚರು ಅಮೆರಿಕದ ಬೇರನ್ನು ಸಾಲ ತಂದದ್ದು ಹೇನಿನ ಭಯಕ್ಕೆ. ನಮ್ಮವರು ತಂದದ್ದು ಕೊಳವೆಬಾವಿಯ ಸವುಳುನೀರಿಗೂ ಬರಕ್ಕೂ ಅದು ಜಗ್ಗುವುದಿಲ್ಲವೆಂದು. ಬೇರು ಎಷ್ಟು ಗಟ್ಟಿಯಾದರೂ ಬರದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ಕೊಂಡು ತಂದು ಬಳ್ಳಿಯ ಬುಡಕ್ಕೆ ಹೊಯ್ದು ಜೀವ ಉಳಿಸಿದವರು ಈ ಸೀಮೆಯಲ್ಲಿ ಬಹಳ ಮಂದಿ.

ಹಣ್ಣಿನಲ್ಲಿ ದೊಡ್ಡ ಪಾಲು ಮಣೂಕಕ್ಕೆ ಹೋಗುತ್ತದೆ. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಮಕ್ಕಳು ಮೊಮ್ಮಕ್ಕಳಾದ ತಳಿಗಳು ಇಲ್ಲಿ ಹೆಚ್ಚು. ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ತೆರೆದ ಚಪ್ಪರದ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪೊರೆ ಆ ನೀರಿಗೆ ಸಡಿಲವಾಗಿ ಒಳಗಿನ ತೇವ ಬೇಗ ಹಾರಿಹೋಗುತ್ತದೆ. ಎರಡು ವಾರದ ಆಚೀಚೆ ಒಣಗಿದರೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಇದು ಹೊಸ ರಸಾಯನ ವಿದ್ಯೆಯೆಂದು ತೋರಬಹುದು. ಆದರೆ ರೋಮಿನ ಕೃಷಿಲೇಖಕ ಕೊಲುಮೆಲ್ಲ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬೂದಿಯ ಕ್ಷಾರದ ನೀರಿಗೆ ಎಣ್ಣೆ ಹಾಕಿ ದ್ರಾಕ್ಷಿಯನ್ನು ಅದ್ದುವ ಕ್ರಮವನ್ನು ಬರೆದಿಟ್ಟಿದ್ದಾನೆ. ಬೂದಿಯ ಸಾರವೂ ಪೊಟ್ಯಾಸಿಯಂ ಕಾರ್ಬೊನೇಟೇ. ಮೆಡಿಟರೇನಿಯನ್ ದಂಡೆಯ ಅಡುಗೆಮನೆಯ ವಿದ್ಯೆ ತಿಕೋಟೆಯ ಚಪ್ಪರಕ್ಕೆ ಬಂದು ಸೇರಿದೆ.

ಹಾಗಾದರೆ ಇಲ್ಲಿಯೂ ದ್ರಾಕ್ಷಾರಸವನ್ನೇ ಮಾಡಿ ಹೆಸರು ಗಳಿಸಬಾರದೇಕೆ? ಪ್ರಯತ್ನ ನಡೆಯದೆ ಇಲ್ಲ. ೧೯೮೦ರ ದಶಕದ ಕೊನೆಯಲ್ಲಿ ಕಂವಲ್ ಗ್ರೋವರ್ ಎಂಬ ಉದ್ಯಮಿ, ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞನ ನೆರವಿನಿಂದ, ನಂದಿಬೆಟ್ಟದ ಬಳಿ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿದರು. ಅಲ್ಲಿ ಬೇರೂರಿದ ಬಿಳಿಹಣ್ಣುಗಳಲ್ಲಿ ಲಾಂಗ್ವೆಡಾಕಿನ ಆ ಕ್ಲೇರೆಟ್ ಕೂಡ ಒಂದು! ಕ್ಲೇರೆಟ್ ಎಂಬ ಹೆಸರನ್ನೇ ಸೀಸೆಯ ಮೇಲೆ ಹೊತ್ತ ಬಿಳಿ ವೈನ್ ಕನ್ನಡ ನಾಡಿನ ಮಣ್ಣಿನಿಂದ ಹೊರಬಂದಿತು. ೨೦೦೭ರಲ್ಲಿ ರಾಜ್ಯ ಸರಕಾರ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು, ಅದಕ್ಕೊಂದು ಮಂಡಳಿಯನ್ನೂ ಸ್ಥಾಪಿಸಿತು. ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯ ಹೆಸರೂ ಕಾಗದದ ಮೇಲೆ ಬಂದಿತು.

ಆದರೆ ವೈನಿನ ಹಣ್ಣನ್ನು ಬೆಳೆದವನು ಅದನ್ನು ಸಂತೆಗೆ ಒಯ್ಯಲಾರ. ಬೀಜ ತುಂಬಿದ ಆ ಸಣ್ಣ ಹಣ್ಣನ್ನು ತಿನ್ನುವವರಿಲ್ಲ, ಒಣಗಿಸಿದರೂ ಬೆಲೆಯಿಲ್ಲ. ಕಾರ್ಖಾನೆಯವರು ಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ೨೦೦೯ರ ಸುಮಾರಿಗೆ ವೈನಿನ ಬೇಡಿಕೆ ಕುಸಿದಾಗ ನಾಸಿಕದ ಕಡೆ ರೈತರು ಬೆಳೆದ ಬಳ್ಳಿಗಳನ್ನೇ ಕಿತ್ತುಹಾಕಬೇಕಾಯಿತು. ಕುಡಿತದಿಂದ ಹಾಳಾದ ಮನೆಗಳನ್ನು ಕಣ್ಣಾರೆ ಕಂಡ ಸಮಾಜ ವೈನ್ ಎಂದೊಡನೆ ಹುಬ್ಬು ಗಂಟಿಕ್ಕುವುದೂ ಅರ್ಥವಿಲ್ಲದ್ದಲ್ಲ. ಕೃಷ್ಣೆಯ ಸೀಮೆಯ ರೈತ ಮಣೂಕವನ್ನೇ ನಂಬಿಕೊಂಡಿರುವುದು ಅಂಜುಬುರುಕತನವಲ್ಲ, ವಿವೇಕ. ಲಾಂಗ್ವೆಡಾಕಿನಿಂದ ಅವನಿಗೆ ಬರಬೇಕಾದದ್ದು ವೈನಲ್ಲ, ಹೆಸರು ಕಾಯ್ದುಕೊಳ್ಳುವ ವಿದ್ಯೆ.

ತಾಸಗಾಂವದ ಪೇಟೆ

ಮಣೂಕ ಒಣಗಿದ ಮೇಲೆ ಅದರ ಪ್ರಯಾಣ ಮೊದಲಾಗುತ್ತದೆ. ವಿಜಯಪುರ, ಅಥಣಿಗಳ ಮಾಲು ಬಹಳ ವರ್ಷಗಳಿಂದ ಲಾರಿಯೇರಿ ಮಹಾರಾಷ್ಟ್ರದ ಸಾಂಗ್ಲಿಗೋ, ಅದೇ ಜಿಲ್ಲೆಯ ತಾಸಗಾಂವಕ್ಕೋ ಹೋಗುತ್ತಿದೆ. ಅಲ್ಲಿ ಶೀತಗೃಹಗಳಿವೆ, ಬಣ್ಣ ಗಾತ್ರ ನೋಡಿ ವಿಂಗಡಿಸುವ ವ್ಯವಸ್ಥೆಯಿದೆ, ಸವಾಲು ಕೂಗುವ ಪೇಟೆಯಿದೆ, ದೂರದ ಊರುಗಳಿಂದ ಬರುವ ಕೊಳ್ಳುಗರಿದ್ದಾರೆ. ಇದರಲ್ಲಿ ಸಾಂಗ್ಲಿಯವರನ್ನು ದೂರುವುದಕ್ಕೆ ಏನೂ ಇಲ್ಲ. ದ್ರಾಕ್ಷಿಯ ಬೇಸಾಯದಲ್ಲಿ ಅವರು ಮುಂದೆ ನಡೆದವರು. ಈ ಕಡೆಯ ರೈತರು ತೋಟ ಮಾಡುವುದನ್ನು ಕಲಿತದ್ದರಲ್ಲಿಯೂ ಅವರ ಪಾಲಿದೆ; ಚಾಟ್ನಿ ಎಂಬ ಮಾತೇ ಮರಾಠಿಯಿಂದ ಬಂದದ್ದು. ಪೇಟೆ ಕಟ್ಟಿದವರಿಗೆ ಹೆಸರು ಸೇರುವುದು ಲೋಕರೂಢಿ.

ಆದರೆ ಪೇಟೆಯವನ ಲೆಕ್ಕ ಬೇರೆ, ಬೆಳೆದವನ ಲೆಕ್ಕ ಬೇರೆ. ಅಕ್ಟೋಬರ್ ಚಾಟ್ನಿಯಾದ ಮೇಲೆ ಅಕಾಲದ ಮಳೆ ಹೊಡೆದರೆ ಹೂವಿಗೆ ಬೂಜು. ಹಣ್ಣಾಗುವಾಗ ಹೊಡೆದರೆ ಹಣ್ಣು ಸೀಳುತ್ತದೆ. ಮಾರ್ಚಿನಲ್ಲಿ ಹೊಡೆದರೆ ಬಲೆಯ ಮೇಲಿನ ಮಣೂಕ ಕಪ್ಪಾಗುತ್ತದೆ. ಈ ಮೂರು ಗಂಡಾಂತರಗಳನ್ನೂ ದಾಟಿ ತಂದ ಮಾಲಿಗೆ ಸವಾಲಿನಲ್ಲಿ ಕಟ್ಟುವ ಬೆಲೆ ಅಂದಿನ ಬಣ್ಣಕ್ಕೆ ಮಾತ್ರ. ಯಾವ ಊರಿನ ಬಿಸಿಲು, ಯಾವ ಬಾವಿಯ ನೀರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಶೀತಗೃಹದ ಬಾಡಿಗೆ ಕಟ್ಟುತ್ತ ಒಳ್ಳೆಯ ಬೆಲೆಗೆ ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಸಾಲದ ಕಂತು ಬಂದಾಗ ಸಿಕ್ಕಿದಷ್ಟಕ್ಕೆ ಕೊಟ್ಟು ಖಾಲಿ ಲಾರಿಯಲ್ಲಿ ಊರಿಗೆ ಮರಳುವುದೇ ಸಣ್ಣ ಹಿಡುವಳಿಯವನ ಪಾಡು.

ಭಾರತದಲ್ಲಿಯೂ ಊರಿನ ಹೆಸರನ್ನು ಕಾಯುವ ಕಾಯಿದೆ ೧೯೯೯ರಲ್ಲಿ ಸಿದ್ಧವಾಗಿ ೨೦೦೩ರಿಂದ ಜಾರಿಯಲ್ಲಿದೆ. ಭೌಗೋಳಿಕ ಸೂಚಕ ಎಂಬುದು ಅದರ ಕಡತದ ಹೆಸರು. ಧಾರವಾಡದ ಫೇಡೆ ಅದರ ಆಸರೆ ಪಡೆಯಿತು. ಬೆಂಗಳೂರು ಸುತ್ತಿನ ನೀಲಿ ದ್ರಾಕ್ಷಿಯೂ ಪಡೆಯಿತು. ಇದೇ ಜಾತಿಯ ಇಸಾಬೆಲ್ಲಾ ಹಣ್ಣನ್ನು ವೈನಿಗೆ ಬಳಸಕೂಡದೆಂದು ಫ್ರೆಂಚರು ೧೯೩೦ರ ದಶಕದಲ್ಲಿ ನಿಷೇಧಿಸಿದ್ದರು. ಅಲ್ಲಿ ಬಹಿಷ್ಕಾರ, ಇಲ್ಲಿ ಮಾನಪತ್ರ! ಸಾಂಗ್ಲಿಯ ಒಣದ್ರಾಕ್ಷಿ ೨೦೧೬ರಲ್ಲಿ ಆ ಪಟ್ಟಿ ಸೇರಿತು. ವಿಜಯಪುರ ಜಿಲ್ಲೆಗೂ ಈ ದಾರಿ ಹೊಸದಲ್ಲ. ಇಂಡಿ ತಾಲ್ಲೂಕಿನ ನಿಂಬೆಹಣ್ಣು ೨೦೨೩ರಲ್ಲಿ ಅದೇ ಮಾನ್ಯತೆಯನ್ನು ಪಡೆದಿದೆ. ದ್ರಾಕ್ಷಿ ಬೆಳೆಯುವುದೂ ಅದೇ ನೆಲದಲ್ಲಿ.

ಈ ಮಾನ್ಯತೆಯನ್ನು ಒಬ್ಬ ರೈತ ಒಂಟಿಯಾಗಿ ಕೇಳುವಂತಿಲ್ಲ. ಬೆಳೆಗಾರರ ಪರವಾಗಿ ಸಂಘವೋ ಸಂಸ್ಥೆಯೋ ಅರ್ಜಿ ಹಾಕಬೇಕು. ಯಾವ ಊರಿನಿಂದ ಯಾವ ಊರಿನವರೆಗೆ ಎಂದು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಬೇಕು. ಆ ಗೆರೆಯೊಳಗಿನ ಮಣ್ಣು, ಹವೆ, ಕೈಕೆಲಸಗಳಿಂದ ಹಣ್ಣಿಗೆ ಏನು ವಿಶೇಷ ಬಂದಿದೆ ಎಂಬುದನ್ನು ಬರೆದು ಸಾಧಿಸಬೇಕು. ಮಾಲು ಕೆಡದಂತೆ ನೋಡಿಕೊಳ್ಳುವವರು ಯಾರು ಎಂಬುದನ್ನೂ ಹೇಳಬೇಕು. ಗೆರೆ ಎಳೆಯುವಾಗಲೇ ಜಗಳ ಮೊದಲಾಗುವುದು. ಅಥಣಿಯನ್ನು ಸೇರಿಸಬೇಕೋ ಬಿಡಬೇಕೋ, ಗಂಧಕದ ಹೊಗೆ ಕೊಟ್ಟು ಹೊಳಪು ತಂದ ಮಾಲನ್ನು ಒಪ್ಪಬೇಕೋ ಬೇಡವೋ, ಮಳೆಗೆ ಕಪ್ಪಾದದ್ದನ್ನು ಏನು ಮಾಡಬೇಕು? ಲಾಂಗ್ವೆಡಾಕಿನ ಹಳ್ಳಿಗಳವರೂ ಇಂಥ ಪ್ರಶ್ನೆಗಳಿಗೆ ತಮ್ಮ ತಮ್ಮಲ್ಲಿಯೇ ಉತ್ತರ ಕಂಡುಕೊಳ್ಳಬೇಕಾಗಿತ್ತು. ತಿಕೋಟೆಯ ಸೀಮೆಯಲ್ಲಿ ಅಂಥ ಸಭೆ ಕೂಡಿಸಲು ತಕ್ಕ ಕಾಲ ಆಗಸ್ಟ್, ಸೆಪ್ಟೆಂಬರ್. ಆಗ ಏಪ್ರಿಲ್ ಚಾಟ್ನಿಯ ಕಡ್ಡಿಗಳು ಬಲಿತಿರುತ್ತವೆ, ಅಕ್ಟೋಬರಿನ ಕತ್ತರಿ ಇನ್ನೂ ಹೊರಬಂದಿರುವುದಿಲ್ಲ. ದ್ರಾಕ್ಷಿಯವನಿಗೆ ವರ್ಷದಲ್ಲಿ ತುಸು ಬಿಡುವೆಂದರೆ ಅಷ್ಟೇ ದಿನಗಳು.